ಸರ್ಕಾರಿ ಒಲೆಯ ಧರ್ಮ

ಸರ್ಕಾರಿ ಕಟ್ಟಡಗಳಲ್ಲಿ ಯಾವ ಇಂಧನ ಉರಿಸಬೇಕು ಎಂಬುದು ಸಾಮಾನ್ಯವಾಗಿ ದರ ಮತ್ತು ಪೂರೈಕೆಯ ಮೇಲೆ ತೀರ್ಮಾನವಾಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಅದು ಧರ್ಮದ ಪ್ರಶ್ನೆಯೂ ಹೌದು. ಇಲ್ಲಿನ ಹವೆಗೆ ಕೊಠಡಿಗಳನ್ನು ಬೆಚ್ಚಗಿಡಬೇಕಾಗಿಲ್ಲ. ಶಾಖ ಬೇಕಾಗುವುದು ಶಾಲೆಯ ಬಿಸಿಯೂಟಕ್ಕೆ, ವಿದ್ಯಾರ್ಥಿನಿಲಯದ ಸ್ನಾನಕ್ಕೆ, ಹೆರಿಗೆ ವಾರ್ಡಿನ ಬಿಸಿನೀರಿಗೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು ಗುಂಡ್ಲುಪೇಟೆಯ ಮಗ್ಗುಲಲ್ಲೇ ಇದೆ, ಸೌದೆ ಉರಿಸಿದರೆ ಹೊರೆ ಬೀಳುವುದು ಕಾಡಿನ ಮೇಲೆ. ಒಳ್ಳೆಯ ಉದ್ದೇಶಕ್ಕಾಗಿ ಎಷ್ಟು ಹಾನಿ ಮಾಡಬಹುದು, ಅದನ್ನು ಯಾರು ಹೊರಬೇಕು ಎಂಬುದು ಇಲ್ಲಿ ಏಳುವ ಪ್ರಶ್ನೆ.

ಒಲೆ ಉರಿಸುವುದರಲ್ಲಿ ಹಿಂಸೆಯಿದೆ ಎಂಬ ಅರಿವು ಹಳೆಯದು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಗೃಹಸ್ಥನ ಮನೆಯ ಐದು ಹಿಂಸಾಸ್ಥಾನಗಳನ್ನು ಹೆಸರಿಸುವಾಗ ಒಲೆಯನ್ನೇ ಮೊದಲು ಹೇಳಿ, ಪರಿಹಾರವಾಗಿ ಪಂಚಮಹಾಯಜ್ಞಗಳನ್ನು ವಿಧಿಸುತ್ತದೆ. ಈ ಅರಿವು ಇಲ್ಲಿನ ನೆಲಕ್ಕೂ ಹೊಸದಲ್ಲ: ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಪ್ರಾಚೀನ ಕ್ಷೇತ್ರ. ಜೈನ ದರ್ಶನದ ಪ್ರಕಾರ ಗಿಡ, ನೀರು, ಬೆಂಕಿಗಳಲ್ಲೂ ಜೀವವಿದೆ. ಶ್ರಾವಕನ, ಅಂದರೆ ಜೈನ ಗೃಹಸ್ಥನ, ಮಟ್ಟಿಗೆ ಆ ದರ್ಶನ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನೂ ಬದುಕಿಗೆ ಅನಿವಾರ್ಯವಾದ ಆರಂಭೀ ಹಿಂಸೆಯನ್ನೂ ಬೇರೆ ಮಾಡುತ್ತದೆ. ಮೊದಲನೆಯದನ್ನು ಬಿಡಲೇಬೇಕು, ಎರಡನೆಯದನ್ನು ಆದಷ್ಟೂ ತಗ್ಗಿಸಬೇಕು.

ಈ ವಿಧಿಗಳೆಲ್ಲ ಮನೆಯ ಒಲೆಗೆ ಹೇಳಿದವು. ಮನೆಯಲ್ಲಿ ಸೌದೆ ಹೊರುವವರು, ಹೊಗೆ ಕುಡಿಯುವವರು, ಉಣ್ಣುವವರು ಒಂದೇ ಸೂರಿನಡಿಯವರು. ಸರ್ಕಾರಿ ಅಡುಗೆಮನೆಯಲ್ಲಿ ಹಾಗಿಲ್ಲ. ಇಂಧನ ಖರೀದಿಗೆ ಸಹಿ ಹಾಕುವವರಿಗೆ ಹೊಗೆ ತಾಗುವುದಿಲ್ಲ, ಅದು ತಾಗುವುದು ಅಡುಗೆಯವರಿಗೆ. ಬೇರೆ ದಾರಿಯಿಲ್ಲದೆ ಪುಳ್ಳೆ ಆಯುವ ಬಡ ಕುಟುಂಬಕ್ಕೆ ಆಪದ್ಧರ್ಮದ, ಅಂದರೆ ಸಂಕಟಕಾಲದ, ವಿನಾಯಿತಿ ಉಂಟು. ಆಯ್ಕೆಯಿರುವ ಸರ್ಕಾರಕ್ಕೆ ಅದು ಸಲ್ಲದು. ಕಾಡಂಚಿನವರು ಸೌದೆ ತರುವುದನ್ನು ತಡೆಯುವ ಸರ್ಕಾರ ತಾನೇ ರಾಶಿ ಸೌದೆ ಉರಿಸಿದರೆ ನ್ಯಾಯವೂ ಕೆಡುತ್ತದೆ.

ಕಾಡನ್ನು ಮುಟ್ಟಲೇಬಾರದು ಎಂಬುದು ಇದರ ಅರ್ಥವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ದೊಡ್ಡಸಂಪಿಗೆ ಮರವನ್ನು ಪೂಜಿಸುತ್ತಾರೆ, ಜೇನು, ನೆಲ್ಲಿಕಾಯಿಗಳನ್ನು ಕಾಡಿನಿಂದಲೇ ತರುತ್ತಾರೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕುಗಳೂ ದೊರೆತವು. ಹಿತಮಿತದ ಬಳಕೆಗೂ ಸಂಸ್ಥೆಯೊಂದರ ಸಗಟು ಖರೀದಿಗೂ ಅಳತೆಯಲ್ಲೇ ಅಂತರವಿದೆ.

ಕಡಿಮೆ ಹಿಂಸೆ ಯಾವುದು ಎಂದು ತಿಳಿಯಲು ಲೆಕ್ಕ ಬೇಕು. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 16 ಮೆಗಾಜೂಲ್ ಶಾಖವಿದ್ದರೂ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ಶೇ. 10ರಿಂದ 15 ಮಾತ್ರ. ಅಡುಗೆ ಅನಿಲದಲ್ಲಿ ಕಿಲೋಗೆ ಸುಮಾರು 46 ಮೆಗಾಜೂಲ್ ಇದ್ದು, ಅರ್ಧಕ್ಕಿಂತ ಹೆಚ್ಚು ಪಾತ್ರೆಗೆ ಸೇರುತ್ತದೆ. ಅಂದರೆ 14.2 ಕಿಲೋ ಸಿಲಿಂಡರ್ 150ರಿಂದ 200 ಕಿಲೋ ಸೌದೆಯ ಕೆಲಸ ಮಾಡುತ್ತದೆ. ಹಾಗೆಂದು ಅನಿಲವೂ ನಿರ್ದೋಷಿಯಲ್ಲ. ಅದರ ಇಂಗಾಲದ ಹೊರೆ ಮುಂದಿನ ಪೀಳಿಗೆಯ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದ ಹಿಂಸೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದರಿಂದ ಒಂದು ಕ್ರಮ ಹೊರಡುತ್ತದೆ. ಮೊದಲು ಬಳಕೆ ತಗ್ಗಬೇಕು: ಮುಚ್ಚಿ ಬೇಯಿಸುವುದು, ಕುಕ್ಕರ್ ಬಳಸುವುದು. ನೀರು ಕಾಯಿಸಲು ಬಿಸಿಲು ಸಾಕು. ಆಸ್ಪತ್ರೆ, ವಿದ್ಯಾರ್ಥಿನಿಲಯಗಳೂ ಸೇರಿದಂತೆ ಹಲವು ಬಗೆಯ ಕಟ್ಟಡಗಳಿಗೆ ಕರ್ನಾಟಕ ಸರ್ಕಾರ 2007ರಲ್ಲೇ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದೆ. ಮೋಡದ ದಿನಗಳಿಗೆ ವಿದ್ಯುತ್, ಅಡುಗೆಗೆ ಅನಿಲ. ಸೌದೆ ಬೇಕೇ ಆದರೆ ಅದು ತೋಟದಲ್ಲಿ ಸವರಿದ ಕಡ್ಡಿ, ತೆಂಗಿನ ಗರಿಯಿಂದ ಬರಬೇಕು, ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯಂತೆ ಹೊಗೆ ಹೊರಹಾಕುವ ಒಲೆಯಲ್ಲಿ ಉರಿಯಬೇಕು. ಮಕ್ಕಳಿಗೆ ಉಣಬಡಿಸುವುದು ಪುಣ್ಯವೇ. ಆದರೆ ಕಡಿಮೆ ಹಿಂಸೆಯ ದಾರಿ ಇರುವಾಗ ಹೆಚ್ಚಿನದನ್ನು ಆರಿಸಿದರೆ ಆ ಹೆಚ್ಚುವರಿ ಹಿಂಸೆ ಅನಿವಾರ್ಯ ಎನಿಸುವುದಿಲ್ಲ, ಸಂಕಲ್ಪಪೂರ್ವಕವೇ ಆಗುತ್ತದೆ.