ಓದಿ ಮುಗಿಸಿದ ಗ್ರಂಥದ ಒಡೆತನ

ನಾಲ್ಕು ವರ್ಷಗಳ ನರ್ಸಿಂಗ್ ವ್ಯಾಸಂಗವನ್ನು ಮುಗಿಸಿ ಪದವಿ ಪಡೆದ ಮಗಳು ತನ್ನ ಪಠ್ಯಪುಸ್ತಕಗಳನ್ನು ಇಟ್ಟುಕೊಳ್ಳಬೇಕೆ, ಮಾರಿಬಿಡಬೇಕೆ? ಧರ್ಮವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಇಂತಹ ಪ್ರಶ್ನೆ ಏಕೆಂದು ಕೆಲವರಿಗಾದರೂ ಅನ್ನಿಸೀತು. ಆದರೆ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಇದು ತಾಯಿ-ಮಕ್ಕಳ ನಡುವೆ ಮನಸ್ತಾಪಕ್ಕೂ ಕಾರಣವಾಗಿರುವುದನ್ನು ನಾವು ಕಂಡಿದ್ದೇವೆ. ವ್ಯವಹಾರದ ಮಾತಿನಂತೆ ತೋರುವ ಈ ಪ್ರಶ್ನೆಯೊಳಗೆ ಋಣ, ದಾನ, ಸತ್ಯ ಮೂರೂ ಅಡಗಿವೆ.

ಮೊದಲು ಒಂದು ಮಾತು. ನಮ್ಮ ಮನೆಗಳ ಹೆಣ್ಣುಮಕ್ಕಳು ಶುಶ್ರೂಷೆಯ ವೃತ್ತಿಗೆ ಹೋಗುವುದನ್ನು ಹಿಂದಿನ ತಲೆಮಾರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಮಡಿ-ಮೈಲಿಗೆಯ ಅಂಜಿಕೆ, ರಾತ್ರಿ ಪಾಳಿಯ ಚಿಂತೆ, ನೆರೆಹೊರೆಯ ಮಾತು, ಎಲ್ಲವೂ ಇದ್ದವು. ೨೦೨೦-೨೧ರ ಮಹಾಮಾರಿಯ ದಿನಗಳಲ್ಲಿ ಸ್ವಂತ ಮಕ್ಕಳೂ ಹತ್ತಿರ ಸುಳಿಯಲಾಗದ ಹಾಸಿಗೆಯ ಬಳಿ ನಿಂತವರು ಯಾರೆಂಬುದನ್ನು ಕಂಡ ಮೇಲೆ ಆ ಆಕ್ಷೇಪಗಳಿಗೆ ಬೆಲೆ ಉಳಿದಿಲ್ಲವೆಂದೇ ನಮ್ಮ ಅಭಿಪ್ರಾಯ. ಇಂದು ನಮ್ಮ ಹುಡುಗಿಯರು ಮಂಗಳೂರು, ಬೆಂಗಳೂರುಗಳಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರುತ್ತಾರೆ. ಬರುವಾಗ ರಟ್ಟಿನ ಪೆಟ್ಟಿಗೆಗಳ ತುಂಬ ಪುಸ್ತಕಗಳು! ಸ್ಲೀಪರ್ ದರ್ಜೆಯ ಪ್ರಯಾಣಿಕರಿಗೆ ರೈಲ್ವೆಯವರು ಉಚಿತವಾಗಿ ಒಯ್ಯಲು ಬಿಡುವುದು ೪೦ ಕಿಲೋ; ನರ್ಸಿಂಗ್ ಪುಸ್ತಕಗಳೇ ಅದರ ದೊಡ್ಡ ಪಾಲನ್ನು ನುಂಗಬಲ್ಲವು.

ಸೂರತ್ತಿನಲ್ಲಿ ನಮಗೆ ಪರಿಚಿತವಾದ ಒಂದು ಕುಟುಂಬವಿದೆ. ಎರಡು ಕೋಣೆಗಳ ಬಾಡಿಗೆ ಮನೆ. ಹೆಸರು ನೋಂದಣಿಗೂ ಉದ್ಯೋಗ ಪರೀಕ್ಷೆಗಳ ಶುಲ್ಕಕ್ಕೂ ಹಣ ಬೇಕಾಗಿತ್ತು. ಪುಸ್ತಕಗಳನ್ನು ಮಾರೋಣವೆಂದಳು ಮಗಳು. ಕೊಳ್ಳುವವಳೂ ಸಿದ್ಧಳಿದ್ದಳು: ಮಗ್ಗದ ಕಾರ್ಖಾನೆಯ ಕೆಲಸಗಾರರೊಬ್ಬರ ಮಗಳು, ಅದೇ ವರ್ಷ ನರ್ಸಿಂಗ್ ಸೇರಿದವಳು. ತಾಯಿ ಮಾತ್ರ ಒಪ್ಪಲಿಲ್ಲ. "ನವರಾತ್ರಿಯಲ್ಲಿ ಪೀಠದ ಮೇಲಿಟ್ಟು ಅರಿಶಿನ ಕುಂಕುಮ ಏರಿಸಿದ್ದೇನೆ. ಸರಸ್ವತಿಯನ್ನು ಮಾರಿ ಉಣ್ಣುವ ಗತಿ ನಮಗೆ ಬಂದಿಲ್ಲ" ಎಂಬುದು ಆಕೆಯ ಮಾತು.

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ರಂಥವನ್ನು ಧನವೆಂದು ಎಣಿಸಿದ ಪರಂಪರೆ ನಮ್ಮದು. ಶ್ರೀಮದಾಚಾರ್ಯರ ಗ್ರಂಥಭಂಡಾರವು ಅಪಹೃತವಾದುದೂ, ಕಾಸರಗೋಡು ಸೀಮೆಯ ಜಯಸಿಂಹರಾಜನ ಮುಖೇನ ಅದು ಮರಳಿ ದೊರೆತುದೂ ಸುಮಧ್ವವಿಜಯವನ್ನು ಓದಿದವರಿಗೆಲ್ಲ ತಿಳಿದ ಸಂಗತಿ. ಅಂತಹವರ ಮನೆಯ ಗೃಹಿಣಿಗೆ ಪುಸ್ತಕವು ತರಕಾರಿಯಂತೆ ತೂಗುವ ವಸ್ತುವಾಗಿ ಕಾಣಲಾರದು. ಆದರೆ ನಾವಿರುವ ನಾಡಿನ ಇನ್ನೊಂದು ರೂಢಿಯನ್ನೂ ನೋಡೋಣ. ಗುಜರಾತಿನ ವರ್ತಕರು ದೀಪಾವಳಿಯಲ್ಲಿ ಚೋಪಡಾ ಪೂಜೆ ಮಾಡುತ್ತಾರೆ. ಲೆಕ್ಕದ ಪುಸ್ತಕಕ್ಕೆ ಲಕ್ಷ್ಮೀ-ಶಾರದೆಯರ ಪೂಜೆ. ಮುಂದಿನ ದೀಪಾವಳಿಗೆ ಪೂಜೆಗೊಳ್ಳುವುದು ಹೊಸ ಪುಸ್ತಕ. ಹಳೆಯದನ್ನು ಕಪಾಟಿನಲ್ಲಿಡುವುದು ತೆರಿಗೆಯವರ ಭಯಕ್ಕೇ ಹೊರತು ಭಕ್ತಿಗಲ್ಲ. ಪೂಜೆ ಸಲ್ಲುವುದು ವಿದ್ಯೆಯ ಅಧಿದೇವತೆಗೆ. ಕಾಗದದ ಮೇಲೆ ನಮ್ಮ ಹಕ್ಕು ಶಾಶ್ವತವಾಗಿರಲಿ ಎಂಬುದಕ್ಕಲ್ಲ.

ಗ್ರಂಥಗಳಲ್ಲೂ ಜಾತಿಭೇದವಿದೆ. ವಡೋದರೆಯಲ್ಲಿ ೧೯೨೭ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಮಂದಿರವನ್ನು ನಮ್ಮ ಓದುಗರಲ್ಲಿ ಹಲವರು ನೋಡಿರಬಹುದು. ವಾಲ್ಮೀಕಿ ರಾಮಾಯಣದ ವಿಮರ್ಶಾತ್ಮಕ ಆವೃತ್ತಿಯು ೧೯೬೦ರಿಂದ ೧೯೭೫ರವರೆಗೆ ಏಳು ಸಂಪುಟಗಳಲ್ಲಿ ಅಲ್ಲಿಂದಲೇ ಹೊರಬಂದಿತು. ಆ ಕಾರ್ಯಕ್ಕಾಗಿ ನಾನಾ ಪ್ರಾಂತ್ಯಗಳ, ನಾನಾ ಲಿಪಿಗಳ ಹಸ್ತಪ್ರತಿಗಳನ್ನು ತಾಳೆ ನೋಡಿದರು. ಯಾರದೋ ಅಟ್ಟದಲ್ಲಿ ಹುಳು ಹಿಡಿದ ಓಲೆಯಲ್ಲಿದ್ದ ತಪ್ಪು ಪಾಠಕ್ಕೂ ಅಲ್ಲಿ ಬೆಲೆಯುಂಟು. ಶುದ್ಧಪಾಠದ ಜಾಡನ್ನು ಅದೂ ತೋರಿಸಬಲ್ಲದು. ನರ್ಸಿಂಗ್ ಪುಸ್ತಕದಲ್ಲಿ ಹೀಗಲ್ಲ. ಅಲ್ಲಿ ಹಳೆಯ ಪಾಠವು ಪಾಠಾಂತರವಲ್ಲ, ಅಪಾಯ.

ಇದು ಉತ್ಪ್ರೇಕ್ಷೆಯೆಂದು ಭಾವಿಸಬಾರದು. ಕ್ಷಯರೋಗಿಗಳಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರು ದಿನ ಔಷಧ ಕೊಡುತ್ತಿದ್ದ ಪದ್ಧತಿ ೨೦೧೭ರಲ್ಲಿ ಪ್ರತಿದಿನದ ಪದ್ಧತಿಯಾಗಿ ಮಾರ್ಪಟ್ಟಿತು. ೨೦೨೦ರಲ್ಲಿ ಕಾರ್ಯಕ್ರಮದ ಹೆಸರೂ ಬದಲಾಯಿತು. ಅದಕ್ಕೆ ಮುಂಚೆ ಅಚ್ಚಾದ ಸಮುದಾಯ ಆರೋಗ್ಯದ ಪುಸ್ತಕ ಇಂದಿಗೂ ವಾರಕ್ಕೆ ಮೂರೆಂದೇ ಹೇಳುತ್ತಿರುತ್ತದೆ. ಹೃದಯ ನಿಂತವರ ಎದೆಯನ್ನು ಒತ್ತಿ ಉಸಿರು ಕೊಡುವ ಕ್ರಮವನ್ನು ನೋಡಿರಿ: ಹದಿನೈದು ಒತ್ತುಗಳಿಗೆ ಎರಡು ಉಸಿರು ಎಂದಿದ್ದುದು ೨೦೦೫ರಲ್ಲಿ ಮೂವತ್ತಕ್ಕೆ ಎರಡು ಎಂದಾಯಿತು, ಮೊದಲು ಶ್ವಾಸಮಾರ್ಗ ಎಂದಿದ್ದುದು ೨೦೧೦ರಲ್ಲಿ ಮೊದಲು ಎದೆಯೊತ್ತು ಎಂದಾಯಿತು. ಪಠ್ಯಕ್ರಮವೂ ನಿಂತ ನೀರಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು ೨೦೨೧ರಲ್ಲಿ ಪ್ರಕಟಿಸಿದ ಹೊಸ ಪಠ್ಯಕ್ರಮವು ವಾರ್ಷಿಕ ಪದ್ಧತಿಯನ್ನು ತೆಗೆದು ಸೆಮಿಸ್ಟರ್ ತಂದಿತು. 'ಮೆಡಿಕಲ್ ಸರ್ಜಿಕಲ್ ನರ್ಸಿಂಗ್' ಎಂಬ ವಿಷಯವನ್ನು 'ಅಡಲ್ಟ್ ಹೆಲ್ತ್ ನರ್ಸಿಂಗ್' ಎಂದು ಕರೆಯಿತು. ಅಂಗರಚನೆಯ ಪುಸ್ತಕ ಮಾತ್ರ ಸ್ವಲ್ಪ ಕಾಲ ಬಾಳುತ್ತದೆ. ಮನುಷ್ಯನ ಮೂಳೆಗಳ ಸಂಖ್ಯೆಯನ್ನು ಯಾವ ಪರಿಷತ್ತೂ ಬದಲಿಸಿಲ್ಲವಷ್ಟೆ.

ಆದ್ದರಿಂದ, ಹತ್ತು ವರ್ಷ ಪೂಜೆಗಿಟ್ಟು ಆಮೇಲೆ ಉದಾರವಾಗಿ ಬಡ ವಿದ್ಯಾರ್ಥಿನಿಗೆ ದಾನ ಕೊಡುತ್ತೇವೆಂಬವರು ಕೊಡುವುದು ದಾನವಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಹಾಲು ಕೊಡದ ಮುದಿ ಗೋವುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ಕಂಡು ನಚಿಕೇತನ ಮನಸ್ಸು ಕಲಕಿದ ಕಥೆ ಕಠೋಪನಿಷತ್ತಿನ ಆರಂಭದಲ್ಲೇ ಇದೆ. ಈ ಪುಸ್ತಕಗಳನ್ನು ಕೊಡುವುದಿದ್ದರೆ ಅವು ಹಾಲು ಕೊಡುವಾಗಲೇ ಕೊಡಬೇಕು.

ಹಾಗೆಂದು ಎಲ್ಲವನ್ನೂ ಪದವಿಯ ಮರುದಿನವೇ ಸಾಗಹಾಕುವುದೂ ವಿವೇಕವಲ್ಲ. ರೈಲ್ವೆ ನೇಮಕಾತಿ ಮಂಡಳಿಗಳು ೨೦೧೯ರಲ್ಲಿಯೂ ೨೦೨೪ರಲ್ಲಿಯೂ ನರ್ಸಿಂಗ್ ಹುದ್ದೆಗಳಿಗೆ ಅರ್ಜಿ ಕರೆದಾಗ, ಪರೀಕ್ಷೆಯ ೧೦೦ ಪ್ರಶ್ನೆಗಳಲ್ಲಿ ೭೦ ವೃತ್ತಿವಿಷಯದವೇ ಆಗಿದ್ದುವು. ಏಮ್ಸ್ ಸಂಸ್ಥೆಗಳ ಪರೀಕ್ಷೆಗೂ ಇವೇ ಪುಸ್ತಕಗಳು ಬೇಕು. ಕೈಯಲ್ಲಿ ಕೆಲಸದ ಆದೇಶ ಬರುವವರೆಗೆ, ತನ್ನದೇ ಅಕ್ಷರದಲ್ಲಿ ಅಂಚುಗಳಲ್ಲಿ ಟಿಪ್ಪಣಿ ಬರೆದುಕೊಂಡ ಮೂರು ನಾಲ್ಕು ಮುಖ್ಯ ಗ್ರಂಥಗಳನ್ನು ಇಟ್ಟುಕೊಳ್ಳುವುದು ಪರಿಗ್ರಹವಲ್ಲ, ಸಾಧನ. ಆಕೆ ಮತ್ತೆ ತೆರೆಯುವಳೋ ಇಲ್ಲವೋ ಎಂಬುದೊಂದೇ ಇಲ್ಲಿ ಅಳತೆ. ಉಳಿದವು ಮಂಚದ ಕೆಳಗೆ ಸೇರುತ್ತವೆ. ೨೦೦೬ರ ಆಗಸ್ಟಿನಲ್ಲಿ ತಾಪಿಯ ನೀರು ಸೂರತ್ತಿನ ಮನೆಗಳಿಗೆ ನುಗ್ಗಿದಾಗ ಮಂಚದ ಕೆಳಗಿನ ವಸ್ತುಗಳು ಏನಾದವೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇನ್ನು ಮಾರುವುದು ಪಾಪವೇ? ಪುಸ್ತಕ ಯಾರ ಹಣದ್ದೆಂದು ಮೊದಲು ಕೇಳಿಕೊಳ್ಳಬೇಕು. ತಂದೆ ಕೊಡಿಸಿದ್ದಾದರೆ ತಂದೆಗೆ ಒಂದು ಮಾತು ಹೇಳಿ ಮಾರಬಹುದು. ದೊಡ್ಡಪ್ಪನೋ, ಸಮಾಜದ ಹಿರಿಯರೋ, ನೌಕರರ ಹಿತನಿಧಿಯೋ ವಿದ್ಯೆಗೆಂದು ಕೊಟ್ಟ ಹಣದಿಂದ ಬಂದದ್ದಾದರೆ, ಅದನ್ನು ಇನ್ನೊಬ್ಬ ವಿದ್ಯಾರ್ಥಿನಿಗೆ ದಾಟಿಸುವುದೇ ಆ ಋಣದ ಮರುಪಾವತಿ. ಕಾಲೇಜಿನ ಮುದ್ರೆಯಿರುವ ಪುಸ್ತಕ ಪೆಟ್ಟಿಗೆಯಲ್ಲಿ ಸೇರಿಕೊಂಡಿದ್ದರೆ ಅದರ ವಿಚಾರದಲ್ಲಿ ಚರ್ಚೆಯೇ ಇಲ್ಲ, ಅಂಚೆಯಲ್ಲಿ ಹಿಂದಿರುಗಿಸಬೇಕು. ಸ್ವಂತದ್ದನ್ನು ಮಾರುವುದರಲ್ಲಿ ದೋಷವೇನೂ ನಮಗೆ ಕಾಣುವುದಿಲ್ಲ. ಎಷ್ಟೋ ವೇಳೆ ಮಾರುವುದೇ ಲೇಸು. ಉಚಿತವಾಗಿ ಪಡೆದ ಹುಡುಗಿ ಕಾಲೇಜಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾದೀತು. ಮೂರನೆಯ ಒಂದು ಪಾಲು ಬೆಲೆ ಕೊಟ್ಟು ಕೊಂಡವಳಿಗೆ ಆ ಹಂಗಿಲ್ಲ. ಸಾಧುವಲ್ಲದ್ದು ಒಂದೇ: ಪುಸ್ತಕದ ವಯಸ್ಸನ್ನು ಮುಚ್ಚಿಟ್ಟು ಮಾರುವುದು. ಕೊಳ್ಳುವವಳಿಗೆ ತಿಳಿಯದ ದೋಷ ಮಾರುವವಳಿಗೆ ತಿಳಿದಿರುತ್ತದೆ. ಅದರ ಫಲವನ್ನು ಉಣ್ಣುವವನು ಇಬ್ಬರನ್ನೂ ಕಾಣದ ಮೂರನೆಯ ರೋಗಿ.

ಎಲ್ಲಿ ಮಾರಬೇಕೆಂಬುದೂ ಇದರಿಂದಲೇ ಹೊರಡುತ್ತದೆ. ಅಹಮದಾಬಾದಿನ ಫರ್ನಾಂಡಿಸ್ ಸೇತುವೆಯ ಕೆಳಗಿನ ಪುಸ್ತಕದಂಗಡಿಗಳೂ, ಸಾಬರಮತಿ ತೀರದ ರವಿವಾರಿ ಸಂತೆಯೂ ನಮ್ಮವರಿಗೆ ಪರಿಚಿತವೇ. ಅಲ್ಲಿ ಕೊಡಬಹುದು, ಆದರೆ ಅಲ್ಲಿಂದ ಪುಸ್ತಕ ಯಾರ ಕೈಗೆ ಯಾವ ವರ್ಷ ಸೇರುತ್ತದೆಂದು ಹೇಳಬಲ್ಲವರಿಲ್ಲ. ಕೈಯಿಂದ ಕೈಗೆ ಕೊಟ್ಟರೆ ನಾಲ್ಕು ಮಾತು ಹೇಳಬಹುದು. ತೀರ ಹಳೆಯದಾದ ಔಷಧಶಾಸ್ತ್ರದ ಪುಸ್ತಕವನ್ನು ಪಸ್ತಿಯವನಿಗೆ ತೂಕಕ್ಕೆ ಕೊಡುವುದೇ ಯೋಗ್ಯ. ಅಲ್ಲಿ ಸರಸ್ವತಿಗೆ ಅಪಚಾರವಾಗುವುದೆಂಬ ಸಂಕೋಚ ಬೇಡ. ತಪ್ಪು ಪ್ರಮಾಣವನ್ನು ಕಲಿಸುವ ಪುಟ ಮತ್ತೊಬ್ಬಳ ಕೈ ಸೇರುವುದೇ ದೊಡ್ಡ ಅಪಚಾರ.

ಸೂರತ್ತಿನ ಆ ಮನೆಯವರು ನಮ್ಮನ್ನು ಕೇಳಿದಾಗ ನಾವು ಹೇಳಿದ್ದು ಇಷ್ಟನ್ನೇ. ಮುಖ್ಯವಾದ ಮೂರು ಪುಸ್ತಕಗಳು ಪರೀಕ್ಷೆಗಾಗಿ ಉಳಿದವು. ಮಿಕ್ಕವುಗಳ ಮೊದಲ ಹಾಳೆಯಲ್ಲಿ, ಯಾವ ಅಧ್ಯಾಯ ಹಳೆಯದಾಗಿದೆ, ಯಾವುದನ್ನು ಹೊಸ ಆವೃತ್ತಿಯೊಡನೆ ಹೋಲಿಸಿ ನೋಡಬೇಕು ಎಂದು ಮಗಳು ಪೆನ್ಸಿಲ್ಲಿನಲ್ಲಿ ಬರೆದಳು. ತಾಯಿ ಕುಂಕುಮದ ಗುರುತನ್ನು ಒರೆಸಬೇಡವೆಂದರಂತೆ. ಕೊಂಡ ಹುಡುಗಿಯೂ ಒರೆಸಿಲ್ಲವೆಂದು ಕೇಳಿದ್ದೇವೆ.