ಇಂಪೆಲ್ಲರ್ ಎಷ್ಟು ದೊಡ್ಡದಿರಬೇಕು?

ನಮ್ಮ ಕಡೆ ಪಂಪಿನ ಅಂಗಡಿಗೆ ಹೋದ ರೈತ ಆಡುವ ಮೊದಲ ಮಾತು ಒಂದೇ: "ದೊಡ್ಡದ ಕೊಡ್ರಿ." ನೀರು ಎಷ್ಟು ಕೆಳಗಿದೆ, ಪೈಪು ಎಷ್ಟು ಉದ್ದ, ಹೊಲ ಎಷ್ಟು ಮೇಲಿದೆ ಅನ್ನುವುದು ಆಮೇಲಿನ ಮಾತು. ಅಂಗಡಿಯವರು ಕೇಳಿದರೂ ರೈತ ಹೇಳುವ ಲೆಕ್ಕದಲ್ಲಿ ಅರ್ಧ ಅಳತೆ, ಅರ್ಧ ಅಂಜಿಕೆ. ಇಪ್ಪತ್ತು ಅಡಿ ಇದ್ದದ್ದನ್ನು ನಲವತ್ತು ಅನ್ನುತ್ತಾನೆ. ಕಡಿಮೆ ಬಿದ್ದರೆ? ಈ 'ಕಡಿಮೆ ಬಿದ್ದರೆ' ಅನ್ನುವ ಮಾತಿನ ಮೇಲೆಯೇ ನಮ್ಮ ಅರ್ಧ ಒಕ್ಕಲುತನ ನಡೆದಿದೆ.

ಇಂಪೆಲ್ಲರ್ ಅಂದರೆ ಪಂಪಿನ ಹೊಟ್ಟೆಯೊಳಗೆ ತಿರುಗುವ ಚಕ್ರ. ನಡುವಿನಿಂದ ನೀರನ್ನು ಎಳೆದುಕೊಂಡು ಅಂಚಿನಿಂದ ಬೀಸಿ ಒಗೆಯುತ್ತದೆ. ಚಕ್ರ ದೊಡ್ಡದಾದಷ್ಟೂ ನೀರು ಹೆಚ್ಚು ಎನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಹೆಚ್ಚು, ಅದಕ್ಕೆ ಬೆಲೆ ಏನು ಅನ್ನುವಲ್ಲಿ ಲೆಕ್ಕ ತಪ್ಪುತ್ತದೆ. ಮೋಟರ್ ಅದೇ ವೇಗದಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಇಂಪೆಲ್ಲರಿನ ವ್ಯಾಸ ನೂರಕ್ಕೆ ಹತ್ತು ಹೆಚ್ಚಾದರೆ ನೀರು ಹೆಚ್ಚುಕಡಿಮೆ ಹತ್ತರಷ್ಟೇ ಹೆಚ್ಚುತ್ತದೆ. ನೀರು ಏರುವ ಎತ್ತರ 21ರಷ್ಟು. ಮೋಟರ್ ಎಳೆಯುವ ಶಕ್ತಿ ಮಾತ್ರ 33ರಷ್ಟು. ಅಂದರೆ ಹತ್ತು ಕೊಡ ಹೆಚ್ಚು ನೀರಿಗೆ ಮೂರು ಪಾಲಿಗಿಂತ ಹೆಚ್ಚು ಬೆಲೆ. ತಿರುಗಿಸಿ ನೋಡಿದರೂ ಅಷ್ಟೇ. 160 ಮಿಲಿಮೀಟರಿನ ಚಕ್ರವನ್ನು ಲೇಥ್ ಮೇಲೆ ಹಾಕಿ 150ಕ್ಕೆ ಇಳಿಸಿದರೆ ನೀರು ಕಡಿಮೆಯಾಗುವುದು ನೂರಕ್ಕೆ ಆರು, ಉಳಿಯುವ ಶಕ್ತಿ ಸುಮಾರು ಹದಿನೆಂಟು. ಪಂಪ್ ಎಂಜಿನಿಯರುಗಳಿಗೆ ಇದು ಹಳೆಯ ಪಾಠ. ಹುಬ್ಬಳ್ಳಿಯ ಲೇಥ್ ಅಂಗಡಿಗೆ ಇಂಪೆಲ್ಲರ್ ಸಣ್ಣದು ಮಾಡಿಸಲಿಕ್ಕೆ ಬಂದ ರೈತನನ್ನು ಮಾತ್ರ ನಾನು ಹೆಚ್ಚು ನೋಡಿಲ್ಲ.

ಕಲಘಟಗಿ ಕಡೆ ದೊಡ್ಡದು ಕೇಳಿದರೆ ಒಂದು ಅರ್ಥವಿದೆ. ಅದು ಮಲೆನಾಡಿನ ಸೆರಗು. ಹೊಲ ಇಳಿಜಾರು, ನೀರನ್ನು ಏರಿಸಬೇಕು. ನವಲಗುಂದ, ಅಣ್ಣಿಗೇರಿಯ ಎರಿ ಹೊಲ ಹಾಗಲ್ಲ, ಹಾಸಿದ ಜಮಖಾನದಂತಿದೆ. ಬೋರ್ ಕೊರೆಸಿದರೆ ಬಹಳ ಕಡೆ ಸವಳು ನೀರು. ಹಾಗಾಗಿ ಇಲ್ಲಿ ಪಂಪ್ ಕೂಡುವುದು ಕಾಲುವೆ ದಂಡೆಗೆ, ಬೆಣ್ಣಿಹಳ್ಳದ ಮಡುವಿಗೆ, ಇಲ್ಲವೇ ಕೃಷಿ ಹೊಂಡಕ್ಕೆ. ಏರಿಸಬೇಕಾದ್ದು ಹತ್ತಿಪ್ಪತ್ತು ಅಡಿ ಮಾತ್ರ. ಎತ್ತರಕ್ಕೆಂದು ಮಾಡಿದ ಪಂಪನ್ನು ಎತ್ತರವೇ ಇಲ್ಲದ ಕಡೆ ಕೂಡಿಸಿದರೆ ಅದಕ್ಕೆ ತಡೆಯುವವರು ಯಾರೂ ಇರುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ನೂಕುತ್ತದೆ, ಆಂಪಿಯರ್ ಏರುತ್ತದೆ, ವೈಂಡಿಂಗ್ ಸುಡುತ್ತದೆ. ಮೋಟರ್ ಉಳಿಸಿಕೊಳ್ಳಲಿಕ್ಕೆ ಕೆಲವರು ಡೆಲಿವರಿ ವಾಲ್ವ್ ಅರ್ಧ ಮುಚ್ಚಿ ಓಡಿಸುತ್ತಾರೆ. ದೊಡ್ಡದು ಕೊಂಡು ಅದರ ಬಾಯಿ ಕಟ್ಟುವುದು. ಇದಕ್ಕೆ ನಗಬೇಕೋ ಅಳಬೇಕೋ!

ಇಷ್ಟೇ ಆಗಿದ್ದರೆ ಇದು ಮೆಕ್ಯಾನಿಕ್ ಬಗೆಹರಿಸುವ ಪ್ರಶ್ನೆ. ನ್ಯೂಜಿಲೆಂಡಿನಲ್ಲಿ ಬಿಲ್ ಹ್ಯಾಮಿಲ್ಟನ್ ಎಂಬ ಕುರಿ ಸಾಕುವ ರೈತನಿದ್ದ. ಕಲ್ಲು ತುಂಬಿದ, ಮೊಣಕಾಲುದ್ದ ನೀರಿನ ಹೊಳೆಯಲ್ಲೂ ಓಡುವ ದೋಣಿ ಬೇಕೆಂದು 1950ರ ದಶಕದಲ್ಲಿ ಜೆಟ್ ಬೋಟ್ ಮಾಡಿದ. 1977ರಲ್ಲಿ ಎಡ್ಮಂಡ್ ಹಿಲರಿ ಗಂಗೆಯಲ್ಲಿ ಸಮುದ್ರದಿಂದ ಹಿಮಾಲಯದ ಕಡೆಗೆ ಏರಿ ಹೋದದ್ದು ಅಂಥ ದೋಣಿಗಳಲ್ಲೇ. ಜೆಟ್ ಬೋಟ್ ಅಂದರೆ ನಮ್ಮ ಪಂಪೇ. ಹೊಟ್ಟೆಯ ಕೆಳಗಿನಿಂದ ನೀರು ಎಳೆದು ಹಿಂದಕ್ಕೆ ಒಗೆಯುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಅಲ್ಲೂ ಇಂಪೆಲ್ಲರ್ ಯಾವ ಅಳತೆಯದು ಅನ್ನುವುದೇ ದೊಡ್ಡ ಪ್ರಶ್ನೆ. ಭಾರಿಯದು ಹಾಕಿದರೆ ಎಂಜಿನ್ ಉಸಿರು ಕಟ್ಟಿ ತನ್ನ ವೇಗ ಮುಟ್ಟುವುದಿಲ್ಲ, ಹಗುರದ್ದು ಹಾಕಿದರೆ ಹುಚ್ಚು ಹಿಡಿದಂತೆ ತಿರುಗಿ ಶಕ್ತಿ ವ್ಯರ್ಥ. ಪೂರ್ತಿ ಆ್ಯಕ್ಸಿಲರೇಟರ್ ಕೊಟ್ಟಾಗ ಎಂಜಿನ್ ತನ್ನ ಪೂರ್ಣ ಬಲದ ವೇಗಕ್ಕೆ ಬಂದು ನಿಲ್ಲುವಂಥದ್ದು ಸರಿಯಾದ ಅಳತೆ. ಅಲ್ಲಿಗೆ ಪ್ರಶ್ನೆ ಮುಗಿಯಿತು. ಯಾಕೆಂದರೆ ದೋಣಿ ಎಳೆದ ನೀರನ್ನು ಅದೇ ಹೊಳೆಗೆ ಬಿಡುತ್ತದೆ. ನಮ್ಮ ಪಂಪ್ ಒಯ್ಯುತ್ತದೆ. ಅದಕ್ಕೇ ನಮ್ಮಲ್ಲಿ ಇಂಪೆಲ್ಲರಿನ ಅಳತೆಯನ್ನು ಎಂಜಿನ್ ಒಂದೇ ನಿರ್ಧರಿಸಲಾರದು. ನೀರು ಮುಂದೆ ಯಾರ ಹೊಲಕ್ಕೆ ಹೋಗುವುದಿತ್ತು ಅನ್ನುವುದೂ ಆ ಲೆಕ್ಕದಲ್ಲಿ ಬರಬೇಕು.

ನವಲಗುಂದದ ಸೀಮೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭಾ ಬಲದಂಡೆ ಕಾಲುವೆ ಬಂತು. ನೀರು ಸರಿಯಾಗಿ ಮುಟ್ಟುವ ಮೊದಲೇ ಕರ ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಈಗಲೂ ಆ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ. 2015ರಿಂದ ಮಹದಾಯಿಗಾಗಿ ಅದೇ ಊರುಗಳು ವರ್ಷಗಟ್ಟಲೆ ಧರಣಿ ಕೂತವು. ನೀರು ತರಲಿಕ್ಕೆ ಇಷ್ಟು ಒಟ್ಟಾಗಿ ನಿಂತ ಜನ, ಬಂದ ನೀರನ್ನು ಎತ್ತುವಾಗ ಒಬ್ಬೊಬ್ಬರಾಗಿ ಬಿಡುತ್ತೇವೆ. ಕಾಲುವೆಯ ಮೇಲ್ಭಾಗದಲ್ಲಿ ಪಂಪ್ ಹಚ್ಚಿದವರಿಂದ ಕೊನೆಯ ಹಳ್ಳಿಗಳಿಗೆ ನೀರಿಲ್ಲ ಎಂಬ ದೂರು ರಾಜ್ಯದ ತುಂಬ ಇದೆ. 2024ರಲ್ಲಿ ಸರ್ಕಾರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಬಿಗಿ ಮಾಡಿತು. ಕಾಯ್ದೆ ಪೈಪನ್ನು ಕಿತ್ತು ಹಾಕಬಹುದು. ಹಕ್ಕಿನಿಂದ ಎತ್ತುವವನು ಎಷ್ಟು ಎತ್ತಬೇಕೆಂಬುದನ್ನು ಅದು ಹೇಳಿಕೊಡುವುದಿಲ್ಲ.

ನಮ್ಮ ಸೋದರಮಾವನ ಹೊಲ ಬೆಣ್ಣಿಹಳ್ಳದ ದಂಡೆಗಿದೆ. ಮಳೆಗಾಲದಲ್ಲಿ ಊರು ಮುಳುಗಿಸುವ ಹಳ್ಳ, ಹಿಂಗಾರಿ ಕಡಲೆ ಹೂವಿಗೆ ಬರುವ ಹೊತ್ತಿಗೆ ಸಣ್ಣ ಧಾರೆ, ಆಮೇಲೆ ಬರೀ ಮಡುಗಳು. ಕಡಲೆಗೆ ಆ ಹೊತ್ತಿನಲ್ಲಿ ಒಂದೇ ಒಂದು ನೀರು ಬಿದ್ದರೂ ಸಾಕು, ಇಳುವರಿ ಬೇರೆಯಾಗುತ್ತದೆ. ಮಾವನ ಹತ್ತಿರ 5 ಎಚ್‌ಪಿ ಪಂಪಿದೆ. ಹೋದ ವರ್ಷ 7.5 ತರಬೇಕೆಂದು ಎದ್ದು ನಿಂತಿದ್ದ. ಯಾಕೆ ಎಂದು ಕೇಳಿದೆ.

"ಮ್ಯಾಲಿನಾಂವ ತಂದಾನಲ್ಲೋ. ನಾ ಬಿಟ್ರ ಅಂವಾ ಬಿಡ್ತಾನೇನ?"

ಈ ಮಾತನ್ನು ನಾವೆಲ್ಲ ಆಡಿದ್ದೇವೆ. ಲಂಚದ ಬಗ್ಗೆ, ವರದಕ್ಷಿಣೆಯ ಬಗ್ಗೆ, ಓಟಿಗೆ ತಗೊಳ್ಳುವ ದುಡ್ಡಿನ ಬಗ್ಗೆ. ಉತ್ತರ ಸಿಗದ ಮಾತು ಅನ್ನಿಸುತ್ತದೆ. ಆದರೆ ಹಳ್ಳದ ದಂಡೆಗೆ ನಿಂತು ಆಡಿದಾಗ ಅದರ ಬಿರುಕು ಕಾಣುತ್ತದೆ. ಹರಿಯುವ ನೀರಿನಲ್ಲಿ 'ಅಂವಾ' ಇರುವುದು ಮೇಲೆ. ನಾನು ಬಿಟ್ಟ ನೀರು ಅವನಿಗೆ ಮುಟ್ಟುವುದೇ ಇಲ್ಲ, ನೀರು ಹಿಂದಕ್ಕೆ ಹರಿಯದು. ನಾನು ಬಿಟ್ಟದ್ದು ಹೋಗುವುದು ಕೆಳಗಿನವನಿಗೆ, ಅವನು ನನಗೆ ಏನೂ ಮಾಡಿಲ್ಲ. ದೂರು ಮೇಲಿನವನ ಮೇಲೆ, ಏಟು ಕೆಳಗಿನವನಿಗೆ. ಮಾವನಿಗೆ ಇದನ್ನೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಖರೇ ಅದ. ಆದ್ರ ನಾಳೆ ಧಾರಿ ನಿಂತ್ ಮ್ಯಾಲ ಮಡುವಿಂದೇನ ಮಾಡೂದು?" ಅಂದ.

ಮಾವ ಕೇಳಿದ್ದು ನನ್ನದಕ್ಕಿಂತ ಗಟ್ಟಿ ಪ್ರಶ್ನೆ. ಮಡುವಿನಲ್ಲಿ ಮೇಲು ಕೆಳಗು ಇಲ್ಲ. ನಾಲ್ಕು ಪೈಪು ಒಂದೇ ನೀರಿಗೆ ಬಾಯಿ ಹಚ್ಚಿರುತ್ತವೆ. ನಾನು ಬಿಟ್ಟದ್ದನ್ನು ಪಕ್ಕದವನೇ ಎಳೆಯುತ್ತಾನೆ. ಇಲ್ಲಿ ಒಬ್ಬನೇ ಸಣ್ಣ ಇಂಪೆಲ್ಲರ್ ಹಾಕಿಕೊಂಡು ಕೂಡುವುದು ಧರ್ಮವೋ ದಡ್ಡತನವೋ? ಒಬ್ಬನಿಂದಲೇ ಅಷ್ಟು ತ್ಯಾಗ ಕೇಳುವ ನೀತಿಯ ಮೇಲೆ ನನಗೆ ನಂಬಿಕೆ ಕಡಿಮೆ. ಮನೆಯಲ್ಲಿ ಸಾಲ ಇದ್ದವನಿಗೆ ಅದನ್ನು ಹೇಳಲಿಕ್ಕೆ ಬಾಯಿಯೂ ಬರುವುದಿಲ್ಲ. ಎಲಿನೋರ್ ಆಸ್ಟ್ರಾಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥದ್ದೇ ಪ್ರಶ್ನೆಗೆ. ಹಂಚಿಕೊಂಡು ಬಳಸುವ ನೀರು, ಕಾಡು, ಮೀನನ್ನು ಜನ ತಾವೇ ಕಟ್ಟಳೆ ಮಾಡಿಕೊಂಡು ಎಷ್ಟೋ ಕಡೆ ಕಾಯ್ದುಕೊಂಡಿದ್ದಾರೆ, ಸರ್ಕಾರವೋ ಸಾಹುಕಾರನೋ ಬರಲೇಬೇಕೆಂದಿಲ್ಲ ಎಂದು ಆಕೆ ತೋರಿಸಿದರು. ನಮ್ಮಲ್ಲಿ ಅದಕ್ಕೆ ಪಾಳಿ ಅನ್ನುತ್ತೇವೆ. ಪಾಳಿ ಇದ್ದರೆ ಸಣ್ಣ ಪಂಪಿನವನೂ ಸೋಲುವುದಿಲ್ಲ. ಪಾಳಿ ಇಲ್ಲದಿದ್ದರೆ ಇಂಪೆಲ್ಲರೇ ಪಾಳಿ, ದೊಡ್ಡದಿದ್ದವನದು ಮೊದಲು.

ಇನ್ನೊಂದು ಮಡು ಇದೆ, ಕಣ್ಣಿಗೆ ಕಾಣದ್ದು: ಟಿಸಿ. ಅದಕ್ಕೆ ತಾಳುವ ಭಾರಕ್ಕೊಂದು ಮಿತಿಯಿದೆ, ಅದರ ಮೇಲೆ ಅಷ್ಟೂ ಮೋಟರುಗಳ ಭಾರ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ, ಬಿಲ್ ಸರ್ಕಾರದ್ದು. ಹಾಗಾಗಿ ಆ 33ರ ಲೆಕ್ಕ ಯಾರ ಜೇಬಿಗೂ ಚುಚ್ಚುವುದಿಲ್ಲ. ತ್ರೀ ಫೇಸ್ ಬರುವ ಕೆಲವೇ ತಾಸಿನಲ್ಲಿ ಎಲ್ಲರೂ ಒಮ್ಮೆಲೇ ಬಟನ್ ಒತ್ತುತ್ತಾರೆ. ವೋಲ್ಟೇಜ್ ಬೀಳುತ್ತದೆ, ಮೋಟರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ, ಒಂದು ದಿನ ಟಿಸಿಯೇ ಸುಡುತ್ತದೆ. ಹೊಸದು ಬರುವ ತನಕ 10 ಎಚ್‌ಪಿಯವನೂ 3 ಎಚ್‌ಪಿಯವನೂ ಒಂದೇ. ಉಚಿತ ಕರೆಂಟ್ ತಪ್ಪು ಎಂದು ಹೇಳುವವರ ಸಾಲಿಗೆ ನಾನು ಸೇರುವುದಿಲ್ಲ. ಊರಿನ ಬಡವನ ಹೊಲಕ್ಕೂ ನೀರು ಹೋದದ್ದು ಅದರಿಂದಲೇ. ಆದರೆ ಬೆಲೆ ಕಾಣದ ಕಡೆ ಅಳತೆಯನ್ನು ನಾವೇ ಇಟ್ಟುಕೊಳ್ಳಬೇಕಾಗುತ್ತದೆ, ಅದು ಬಿಲ್ ಕಟ್ಟುವುದಕ್ಕಿಂತ ಕಷ್ಟ.

ಕೃಷಿ ಹೊಂಡದ ಮಾತು ಬೇರೆ. ಅಲ್ಲಿ ನೀರು ನನ್ನದು, ನನ್ನ ಹೊಲದ ಮೇಲೆ ಬಿದ್ದ ಮಳೆ. ಎರಡು ತಾಸಿನಲ್ಲಿ ಖಾಲಿ ಮಾಡಿದರೂ, ಎರಡು ದಿನ ತಗೊಂಡರೂ ಕೇಳುವವರಿಲ್ಲ. ಸೋಜಿಗ ಅಂದರೆ, ಯಾರೂ ಕೇಳದ ಆ ಹೊಂಡಕ್ಕೆ ಜನ ಸಣ್ಣ ಪಂಪ್ ಇಟ್ಟು, ಸ್ಪ್ರಿಂಕ್ಲರ್ ಹಚ್ಚಿ, ಸಾವಕಾಶ ಉಣ್ಣಿಸುತ್ತಾರೆ. ಅವಸರ ಹುಟ್ಟುವುದು ಪಕ್ಕದಲ್ಲಿ ಇನ್ನೊಂದು ಪೈಪು ಕಂಡಾಗ.

ಮಾವನ ಕಡಲೆ ಐದು ಎಕರೆ. ಕೂತು ಲೆಕ್ಕ ಹಾಕಿದೆವು: ಎಷ್ಟು ನೀರು ಬೇಕು, ದಿನಕ್ಕೆ ಎಷ್ಟು ತಾಸು ಕರೆಂಟು, ಎಷ್ಟು ದಿನದಲ್ಲಿ ಮುಗಿಯಬೇಕು. ಹಳೆಯ ಪಂಪೇ ಸಾಕು, ಎರಡು ದಿನ ಹೆಚ್ಚು ಹಿಡಿಯುತ್ತದೆ ಎಂದು ಬಂತು. ಇಂಪೆಲ್ಲರ್ ಸವೆದಿತ್ತು, ಅದೇ ಅಳತೆಯ ಹೊಸದು ಹಾಕಿಸಿದ, ಫುಟ್‌ವಾಲ್ವ್ ಬದಲಿಸಿದ. ಆ ಎರಡು ದಿನದ ಸಲುವಾಗಿ ಈಗ ಮಡುವಿನ ನಾಲ್ಕು ಮಂದಿಗೆ ಪಾಳಿ ಹಚ್ಚಬೇಕೆಂದು ಓಡಾಡುತ್ತಿದ್ದಾನೆ. ಕೆಳಗಿನವನೂ ಎದುರು ದಂಡೆಯವನೂ ಹೂಂ ಅಂದಿದ್ದಾರೆ. ಮೇಲಿನವನು ಇನ್ನೂ ಏನೂ ಅಂದಿಲ್ಲ. ಅವನ ಹತ್ತಿರ 7.5 ಇದೆಯಲ್ಲ.