ಮೂಕಜೀವಿಯ ಮನೆ ಎಲ್ಲಿ?

ಮಕ್ಕಳು ಹಠ ಹಿಡಿಯುತ್ತಾರೆ. ತಂದೆ ಪೇಟೆಯಿಂದ ಎರಡು ಬಿಳಿ ಮೊಲದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತರುತ್ತಾನೆ. ಅಂದು ಮನೆಯಲ್ಲಿ ಹಬ್ಬದ ವಾತಾವರಣ. ರಾತ್ರಿಯಾದಾಗ ಪ್ರಶ್ನೆ ಏಳುತ್ತದೆ: ಇವುಗಳನ್ನು ಇಡುವುದೆಲ್ಲಿ? ಒಳಗಿಟ್ಟರೆ ನಮಾಝ್ ಮಾಡುವ ಜಾಗ ಹೊಲಸಾದೀತು ಎನ್ನುತ್ತಾರೆ ಅಜ್ಜಿ. ಹೊರಗಿಟ್ಟರೆ ಬೆಕ್ಕು ಹಿಡಿದೀತು ಎಂದು ಮಕ್ಕಳು ಅಳುತ್ತವೆ. ಕೊನೆಗೆ ತಾರಸಿಯ ಮೂಲೆಯಲ್ಲಿ ಒಂದು ತಂತಿಯ ಗೂಡು ಸಿದ್ಧವಾಗುತ್ತದೆ. ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ.

ಓದುಗರೇ, ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಅದು ಅಲ್ಲಿಂದಲೇ ಆರಂಭವಾಗುತ್ತದೆ. ಏಕೆಂದರೆ ಈ ಚರ್ಚೆಯಲ್ಲಿ ಅಜ್ಜಿಯ ಮಾತನ್ನು ಕೇಳಲಾಯಿತು, ಮಕ್ಕಳ ಅಳುವನ್ನು ಕೇಳಲಾಯಿತು, ತಂದೆಯ ಖರ್ಚಿನ ಲೆಕ್ಕವನ್ನೂ ನೋಡಲಾಯಿತು. ಆದರೆ ಆ ಗೂಡಿನಲ್ಲಿ ಬದುಕಬೇಕಾದ ಜೀವಿಯ ಪರವಾಗಿ ಮಾತನಾಡಿದವರು ಯಾರು?

ಪ್ರಾಣಿಗಳೂ ನಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ ಅಲ್‌ಅನ್‌ಆಮ್ ಅಧ್ಯಾಯದಲ್ಲಿ ತಿಳಿಸುತ್ತದೆ. ಅವು ನಮ್ಮ ಉಪಯೋಗಕ್ಕಾಗಿ ಇವೆ, ನಿಜ. ಆದರೆ ಅವು ನಮ್ಮ ಸೃಷ್ಟಿಯಲ್ಲ. ನಾವು ಹಣ ಕೊಟ್ಟು ಕೊಂಡಾಗಲೂ ಅವುಗಳ ನಿಜವಾದ ಒಡೆಯನು ಅಲ್ಲಾಹನೇ. ನಮ್ಮ ಕೈಯಲ್ಲಿರುವುದು ಕೇವಲ ಅಮಾನತ್ತು.

ಸಾಕುವುದೇ ತಪ್ಪೇ?

ಹಾಗಾದರೆ ಪ್ರಾಣಿಯನ್ನು ಗೂಡಿನಲ್ಲಿಡುವುದೇ ತಪ್ಪಲ್ಲವೇ ಎಂದು ಕೆಲವರು ಕೇಳಬಹುದು. ಹ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಪುಟ್ಟ ಹಕ್ಕಿಯನ್ನು ಸಾಕಿದ್ದರು. ಅದು ಸತ್ತಾಗ ಬಾಲಕನ ಮುಖ ಬಾಡಿತ್ತು. ಪ್ರವಾದಿವರ್ಯರು(ಸ) ಪ್ರೀತಿಯಿಂದ ಆ ಹಕ್ಕಿಯ ವಿಷಯವನ್ನೇ ಎತ್ತಿ ಬಾಲಕನನ್ನು ಮಾತನಾಡಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಈ ಸಣ್ಣ ಘಟನೆಯಿಂದ ಶಾಫಿಈ ವಿದ್ವಾಂಸರಾದ ಇಬ್ನುಲ್ ಖಾಸ್ಸ್ ಅರುವತ್ತು ಪಾಠಗಳನ್ನು ಹೆಕ್ಕಿ ತೆಗೆದು ಒಂದು ಕಿರುಗ್ರಂಥವನ್ನೇ ಬರೆದರು. ಮಕ್ಕಳು ಪ್ರಾಣಿ ಪಕ್ಷಿಗಳನ್ನು ಸಾಕಬಹುದು ಎಂಬುದಕ್ಕೆ ವಿದ್ವಾಂಸರು ಇದನ್ನೇ ಆಧಾರವಾಗಿ ತೋರಿಸುತ್ತಾರೆ.

ಇದರೊಂದಿಗೆ ಇನ್ನೊಂದು ಹದೀಸನ್ನೂ ಇಟ್ಟು ನೋಡಬೇಕು. ಬೆಕ್ಕೊಂದನ್ನು ಸಾಯುವ ತನಕ ಕೂಡಿ ಹಾಕಿದ ಸ್ತ್ರೀಯೊಬ್ಬಳು ನರಕಕ್ಕೆ ಹೋದ ಬಗ್ಗೆ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅವಳು ಅದಕ್ಕೆ ಉಣಿಸಲೂ ಇಲ್ಲ, ನೆಲದ ಹುಳ ಹುಪ್ಪಟೆಗಳನ್ನು ತಿಂದು ಬದುಕಲು ಅದನ್ನು ಬಿಡಲೂ ಇಲ್ಲ. ಅವಳ ಮುಂದೆ ಎರಡು ಬಾಗಿಲುಗಳಿದ್ದವು: ಒಂದೋ ನೋಡಿಕೊಳ್ಳಬೇಕಿತ್ತು, ಇಲ್ಲವೇ ಬಿಟ್ಟುಬಿಡಬೇಕಿತ್ತು. ಅವಳು ಎರಡನ್ನೂ ಮುಚ್ಚಿದಳು.

ಈಗ ಮೊಲದ ವಿಷಯಕ್ಕೆ ಬನ್ನಿ. ಬೆಕ್ಕನ್ನು ಬಿಟ್ಟರೆ ಅದು ಬೇಟೆಯಾಡಿ ಬದುಕೀತು. ಸಾಕಿದ ಬಿಳಿ ಮೊಲವನ್ನು ಕುಣಿಗಲ್ ಕೆರೆಯ ಏರಿಯ ಬಳಿಯೋ ರಾಗಿ ಹೊಲದಲ್ಲೋ ಬಿಟ್ಟರೆ ಅದು ಎಷ್ಟು ದಿನ ಬದುಕೀತು? ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲ ಬೇರೆ, ಸಾಕುಮೊಲ ಬೇರೆ. ಕಾಡುಮೊಲದ ಮರಿ ರೋಮ ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ಅದರ ಮಣ್ಣಿನ ಬಣ್ಣವೇ ಅದಕ್ಕೆ ರಕ್ಷೆ. ಸಾಕುಮೊಲದ ಮರಿ ರೋಮವಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ಅದರ ಪೂರ್ವಜರು ನಮ್ಮ ನಾಡಿನವರಲ್ಲ. ನಾವು ಅಂದಲುಸ್ ಎಂದು ಕರೆಯುವ ಸ್ಪೇನ್ ಕಡೆಯವರು, ನೆಲದಲ್ಲಿ ಬಿಲ ತೋಡಿ ಬದುಕುವವರು. ಬಿಳಿ ಬಣ್ಣದ ಈ ಪ್ರಾಣಿಯನ್ನು ಹೊಲಕ್ಕೆ ಬಿಡುವುದೆಂದರೆ ನಾಯಿಗೂ ಹದ್ದಿಗೂ ಒಪ್ಪಿಸಿದಂತೆ. ಅಪರೂಪಕ್ಕೆ ಅದು ಉಳಿದುಕೊಂಡರೂ ಅನಾಹುತವೇ. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಥಾಮಸ್ ಆಸ್ಟಿನ್ ಎಂಬಾತ ಬೇಟೆಯ ಮೋಜಿಗಾಗಿ ಬಿಟ್ಟ ಸುಮಾರು ಎರಡು ಡಜನ್ ಮೊಲಗಳ ಸಂತತಿ ಕೋಟಿಗಟ್ಟಲೆಯಾಗಿ, ಆ ಖಂಡದ ಬೆಳೆಯನ್ನೂ ಹುಲ್ಲುಗಾವಲನ್ನೂ ತಿಂದು ಹಾಕಿತು.

ಆದ್ದರಿಂದ ಮೊಲದ ಮಟ್ಟಿಗೆ ಆ ಎರಡು ಬಾಗಿಲುಗಳಲ್ಲಿ ಒಂದು ಮೊದಲೇ ಮುಚ್ಚಿದೆ. ಬಿಟ್ಟುಬಿಡುವ ದಾರಿ ಇಲ್ಲ. ಉಳಿದಿರುವುದು ನೋಡಿಕೊಳ್ಳುವ ದಾರಿ ಮಾತ್ರ. ಯಾವ ಜೀವಿಗೆ ಬಿಡುಗಡೆಯಲ್ಲಿ ಬದುಕಿಲ್ಲವೋ ಅದನ್ನು ಸೆರೆಯಲ್ಲಿಟ್ಟವನ ಹೊಣೆ ಎರಡು ಪಟ್ಟು ಹೆಚ್ಚುತ್ತದೆ. ಮೊಲ ಎಂಟು ಹತ್ತು ವರ್ಷ ಬದುಕಬಲ್ಲದು. ಇಂದು ಹಠ ಮಾಡುವ ಆರು ವರ್ಷದ ಮಗು ಹೈಸ್ಕೂಲು ಮುಗಿಸುವವರೆಗೂ ಈ ಹೊಣೆ ಇರುತ್ತದೆ.

ಇನ್ನು, ರಾಗಿ ಕೊಯ್ಲಿನಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮಕ್ಕಳಿಗೆಂದು ಮನೆಗೆ ತರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅದು ಅಪರಾಧ. ಕಾನೂನಿಗಿಂತ ಮೊದಲೇ, ಮರಿಗಳನ್ನು ಕಳಕೊಂಡು ರೆಕ್ಕೆ ಬಡಿಯುತ್ತಿದ್ದ ತಾಯಿ ಹಕ್ಕಿಯನ್ನು ಕಂಡು ಅವನ್ನು ಅದಕ್ಕೆ ಹಿಂದಿರುಗಿಸುವಂತೆ ಪ್ರವಾದಿವರ್ಯರು(ಸ) ಸಂಗಾತಿಗಳಿಗೆ ಆಜ್ಞಾಪಿಸಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ನಮಗೆ ಅಷ್ಟು ಸಾಕಲ್ಲವೇ?

ಪ್ರಾಣಿಯ ಹಕ್ಕುಗಳು

ಸುಲ್ತಾನುಲ್ ಉಲಮಾ ಎಂದು ಪ್ರಸಿದ್ಧರಾದ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ದಮಸ್ಕಸ್‌ನವರು; ಹಿಜರಿ 660ರಲ್ಲಿ, ಅಂದರೆ ಕ್ರಿ.ಶ. 1262ರಲ್ಲಿ ಕೈರೋದಲ್ಲಿ ನಿಧನರಾದರು. ದೊರೆಗಳ ಮುಂದೆ ಸತ್ಯವನ್ನು ನುಡಿಯಲು ಅಂಜದ ಈ ಮಹಾನ್ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುದಿಯಾಗಿ ಅಥವಾ ಕಾಯಿಲೆ ಬಿದ್ದು ಉಪಯೋಗಕ್ಕೆ ಬಾರದಿದ್ದರೂ ಅದರ ಮೇಲೆ ಖರ್ಚು ಮಾಡಬೇಕು. ಶಕ್ತಿ ಮೀರಿ ಹೊರೆ ಹೇರಬಾರದು. ಅದಕ್ಕೆ ಹಾನಿ ಮಾಡುವ ಬೇರೆ ಪ್ರಾಣಿಯ ಜೊತೆ, ಅದು ಸ್ವಜಾತಿಯದ್ದಾಗಿರಲಿ ಅನ್ಯಜಾತಿಯದ್ದಾಗಿರಲಿ, ಅದನ್ನು ಕೂಡಿ ಹಾಕಬಾರದು. ಅದು ತಂಗುವ ಜಾಗ ಮತ್ತು ನೀರು ಕುಡಿಯುವ ಜಾಗ ಉತ್ತಮವಾಗಿರಬೇಕು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ತಂಗುವ ಜಾಗವು ಯಜಮಾನನ ದಯೆಯ ವಿಷಯವಲ್ಲ, ಪ್ರಾಣಿಯ ಹಕ್ಕು. ಹಕ್ಕು ಎಂದ ಮೇಲೆ ನಮಗೆ ಅನುಕೂಲವಾದಲ್ಲಿ ಇಟ್ಟರೆ ಸಾಲದು, ಅದಕ್ಕೆ ಒಳಿತಾದಲ್ಲಿ ಇಡಬೇಕು.

ಹೊರಗೆ

ಮೊಲ ಬೆವರುವುದಿಲ್ಲ. ತನ್ನ ಮೈಯ ಶಾಖವನ್ನು ಅದು ಮುಖ್ಯವಾಗಿ ಉದ್ದನೆಯ ಕಿವಿಗಳ ಮೂಲಕ ಹೊರಹಾಕುತ್ತದೆ. ಅದಕ್ಕೆ ಹಿತವಾಗುವುದು 15ರಿಂದ 20 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಅದು ಏದುಸಿರು ಬಿಡತೊಡಗುತ್ತದೆ. ಕೇಂದ್ರ ಸರಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ದಕ್ಷಿಣದಲ್ಲಿ ಮೊಲ ಸಾಕಲು ಆರಿಸಿದ್ದು ಕೊಡೈಕೆನಾಲ್ ಬೆಟ್ಟದ ಮನ್ನವನೂರನ್ನು. ಅಲ್ಲಿನ ತಂಪು ನಮ್ಮ ಬಯಲು ಸೀಮೆಯಲ್ಲಿಲ್ಲ. ಕುಣಿಗಲ್, ಗುಬ್ಬಿ, ತುಮಕೂರುಗಳಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು ನೆರಳಿನಲ್ಲೇ 35 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಶೀಟಿನ ಮಾಡಿನ ಕೆಳಗೆ, ಕಾದ ತಾರಸಿಯ ಮೇಲೆ ಇನ್ನೂ ಹೆಚ್ಚು. ಅಂತಹ ಕಡೆ ತಂತಿಯ ಗೂಡಿನಲ್ಲಿ ಮೊಲವನ್ನಿಡುವುದು ಬಾಣಲೆಯಲ್ಲಿಟ್ಟಂತೆ. ತಂತಿಯ ನೆಲದ ಮೇಲೆ ನಿಂತು ನಿಂತು ಅದರ ಪಾದ ಹುಣ್ಣಾಗುತ್ತದೆ.

ಬೀದಿನಾಯಿ, ಬೆಕ್ಕು, ಮುಂಗುಸಿ, ಹಾವು ಇವುಗಳ ಭಯ ಬೇರೆ. ನಾಯಿ ಗೂಡನ್ನು ಮುರಿಯಲೇಬೇಕೆಂದಿಲ್ಲ. ರಾತ್ರಿಯಿಡೀ ಗೂಡಿನ ಸುತ್ತ ಬೊಗಳಿದರೂ ಮೊಲ ಹೆದರಿಕೆಯಿಂದಲೇ ಸಾಯಬಹುದು.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಮರೆವು. ಕಣ್ಣಿಗೆ ಬೀಳದ ಪ್ರಾಣಿ ಮನಸ್ಸಿಗೂ ಬೀಳುವುದಿಲ್ಲ. ಪ್ರವಾದಿವರ್ಯರ(ಸ) ಮುಂದೆ ಒಂಟೆಯೊಂದು ಕಣ್ಣೀರು ಸುರಿಸಿ ತನ್ನ ಯಜಮಾನನ ಮೇಲೆ ದೂರಿತ್ತು. ಮೊಲ ದೂರುವುದಿಲ್ಲ. ಬೇಟೆಗೆ ತುತ್ತಾಗುವ ಪ್ರಾಣಿಯಾದುದರಿಂದ ನೋವನ್ನು ಅಡಗಿಸಿಡುವುದೇ ಅದರ ಸ್ವಭಾವ. ಅದಕ್ಕೆ ಹುಷಾರಿಲ್ಲ ಎಂದು ತಿಳಿಯುವ ಒಂದೇ ದಾರಿ ಮೇವು ಉಳಿದಿದೆಯೇ, ಹಿಕ್ಕೆ ಬಿದ್ದಿದೆಯೇ ಎಂದು ದಿನವೂ ನೋಡುವುದು. ಅರ್ಧ ದಿನ ಮೇವು ಮುಟ್ಟದಿದ್ದರೆ ಅದರ ಪ್ರಾಣಕ್ಕೇ ಕುತ್ತು. ತಾರಸಿಯ ಮೂಲೆಯ ಗೂಡನ್ನು ಹೀಗೆ ನೋಡುವವರು ಯಾರು?

ಒಳಗೆ

ಹಾಗಾದರೆ ಒಳಗೇ ಇರಲಿ ಎನ್ನುವಿರಾ? ಅಲ್ಲಿಯೂ ಹಕ್ಕುದಾರರಿದ್ದಾರೆ. ಮೊದಲನೆಯದು ಶುದ್ಧಿಯ ವಿಷಯ. ಮೊಲದ ಮಾಂಸ ಹಲಾಲ್. ಮರ್ರುಝ್ಝಹ್ರಾನ್‌ನಲ್ಲಿ ಹಿಡಿದ ಮೊಲದ ಮಾಂಸವನ್ನು ಪ್ರವಾದಿವರ್ಯರು(ಸ) ಸ್ವೀಕರಿಸಿದ್ದನ್ನು ಹ. ಅನಸ್(ರ) ವರದಿ ಮಾಡಿದ್ದಾರೆ. ಆದರೆ ಹಲಾಲ್ ಪ್ರಾಣಿಗಳ ಮೂತ್ರ ಮತ್ತು ಹಿಕ್ಕೆಯ ಬಗ್ಗೆ ಇಮಾಮರಲ್ಲಿ ಅಭಿಪ್ರಾಯಭೇದವಿದೆ. ಮಾಲಿಕೀ ಮತ್ತು ಹಂಬಲಿಗಳು ಅವನ್ನು ಶುದ್ಧವೆನ್ನುತ್ತಾರೆ, ಶಾಫಿಈಗಳು ಅಶುದ್ಧವೆನ್ನುತ್ತಾರೆ, ಹನಫಿಗಳಲ್ಲಿ ಮೂತ್ರವನ್ನು ಹಗುರವಾದ ಅಶುದ್ಧಿ ಎಂದು ಪರಿಗಣಿಸಲಾಗಿದೆ. ಆದ್ದರಿಂದ ಅಜ್ಜಿಯ ಆತಂಕ ಮೂಢನಂಬಿಕೆಯಲ್ಲ. ಮೊಲಕ್ಕೆ ಒಂದು ಮೂಲೆ, ನಮಾಝಿಗೆ ಇನ್ನೊಂದು ಕೋಣೆ ಎಂದು ಗೆರೆ ಎಳೆದರೆ ಸಮಸ್ಯೆ ತೀರುತ್ತದೆ. ಮೊಲ ಒಂದೇ ಮೂಲೆಯಲ್ಲಿ ಮೂತ್ರ ಮಾಡುವ ಅಭ್ಯಾಸವನ್ನು ಬೇಗ ಕಲಿಯುತ್ತದೆ.

ಎರಡನೆಯದು ಮನೆಯಾಕೆಯ ಹಕ್ಕು. ಮೊಲ ಬೇಕೆಂದದ್ದು ಮಕ್ಕಳು, ತಂದದ್ದು ತಂದೆ. ಮೂರನೆಯ ವಾರದಿಂದ ಗೂಡು ಗುಡಿಸುವವಳು ತಾಯಿ. ಅವಳನ್ನು ಕೇಳದೆ ಅವಳ ಮೇಲೆ ಹೇರಿದ ಈ ಹೊರೆಯೂ ಒಂದು ಅನ್ಯಾಯವೇ. ಪ್ರಾಣಿಗೆ ಕರುಣೆ ತೋರಲು ಹೋಗಿ ಮನುಷ್ಯರಿಗೆ ಅನ್ಯಾಯ ಮಾಡಬಾರದು. ಉಬ್ಬಸದ ರೋಗಿಯಿರುವ ಮನೆಯಲ್ಲಿ ರೋಮ ಉದುರಿಸುವ ಪ್ರಾಣಿಯನ್ನು ಒಳಗಿಡುವುದೂ ಹೀಗೆಯೇ.

ಮೂರನೆಯದಾಗಿ, ಒಳಗಿರುವುದೇ ಮೊಲಕ್ಕೆ ಸುರಕ್ಷೆಯಲ್ಲ. ಅದರ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಅಗಿಯಲು ಹುಲ್ಲು ಸಿಗದಿದ್ದರೆ ವಿದ್ಯುತ್ ತಂತಿಯನ್ನು ಕಚ್ಚೀತು. ಬೆಳಕಿಲ್ಲದ ಸ್ಟೋರ್ ರೂಮಿನ ಪೆಟ್ಟಿಗೆಯಲ್ಲಿ ಮೂತ್ರದ ಘಾಟಿಗೆ ಅದರ ಕಣ್ಣೂ ಶ್ವಾಸವೂ ಕೆಡುತ್ತವೆ.

ಜಾಗವಲ್ಲ, ಹೊತ್ತು

ಕುಣಿಗಲ್ಲಿನವರಿಗೆ ಒಂದು ಮಾತು ಸುಲಭವಾಗಿ ಅರ್ಥವಾದೀತು. ಹೈದರಲಿ, ಟಿಪ್ಪು ಸುಲ್ತಾನರ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರಿದು. ಕುದುರೆ ಬಲ್ಲವರು ಅದು ಲಾಯದಲ್ಲಿರಬೇಕೋ ಬಯಲಿನಲ್ಲಿರಬೇಕೋ ಎಂದು ಜಗಳವಾಡುವುದಿಲ್ಲ. ಅದಕ್ಕೆ ಲಾಯವೂ ಬೇಕು, ಬಯಲೂ ಬೇಕು. ಯಾವ ಹೊತ್ತಿಗೆ ಯಾವುದು ಎಂಬುದೇ ಅವರ ಪ್ರಶ್ನೆ.

ಮೊಲಕ್ಕೂ ಹಾಗೆಯೇ. ಮೊಲ ಚುರುಕಾಗಿರುವುದು ನಸುಕಿನಲ್ಲಿ ಮತ್ತು ಸಂಜೆ; ಮಧ್ಯಾಹ್ನ ಅದು ಮಲಗುತ್ತದೆ. ಫಜ್ರ್ ನಮಾಝಿಗೆ ಏಳುವ ಮನೆಗೆ ಇದಕ್ಕಿಂತ ಒಳ್ಳೆಯ ಜೊತೆ ಯಾವುದಿದೆ? ಫಜ್ರ್ ಆದ ಮೇಲೆ ಒಂದು ಗಂಟೆ, ಅಸರ್‌ನಿಂದ ಮಗ್ರಿಬ್‌ವರೆಗೆ ಒಂದು ಗಂಟೆ, ಬೇಲಿ ಹಾಕಿದ ಅಂಗಳದಲ್ಲಿ ಮಕ್ಕಳ ಕಣ್ಣೆದುರಿನಲ್ಲಿ ಅದು ಓಡಾಡಲಿ, ಗರಿಕೆ ಮೇಯಲಿ. ಬಿಸಿಲೇರಿದಾಗ ಒಳಗಿನ ತಂಪು ನೆಲದ ಮೇಲಿರಲಿ. ರಾತ್ರಿ ಬಾಗಿಲು ಭದ್ರವಾದ ಜಾಗದಲ್ಲಿರಲಿ. ಗೂಡು ಎಷ್ಟು ದೊಡ್ಡದಿರಬೇಕು? ಮೊಲ ಹಿಂಗಾಲ ಮೇಲೆ ನಿಂತಾಗ ಕಿವಿ ತಾಗದಷ್ಟು ಎತ್ತರ, ಮೂರು ನೆಗೆತ ನೆಗೆಯುವಷ್ಟು ಉದ್ದ. ಅಲುಗಾಡಲು ಜಾಗವಿಲ್ಲದ ಗೂಡಿನಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾನೂನಿನಂತೆಯೂ ಅಪರಾಧವಾಗಿದೆ.

ಇನ್ನೊಂದು ಎಚ್ಚರ. ಮೊಲ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಅದಕ್ಕೆ ಸಂಗಾತಿ ಬೇಕು. ಆದರೆ ಗಂಡು ಹೆಣ್ಣನ್ನು ಜೊತೆಗಿಟ್ಟರೆ ಒಂದು ತಿಂಗಳಿಗೇ ಮರಿಗಳಾಗುತ್ತವೆ, ಹೆತ್ತ ದಿನವೇ ತಾಯಿ ಮತ್ತೆ ಗಬ್ಬವಾಗಬಲ್ಲದು. ಎರಡಕ್ಕೆ ಒಳ್ಳೆಯದಾಗಿದ್ದ ಜಾಗ ಹತ್ತಕ್ಕೆ ಸೆರೆಮನೆಯಾಗುತ್ತದೆ. ಒಂದೇ ತಾಯಿಯ ಎರಡು ಹೆಣ್ಣು ಮರಿಗಳನ್ನು, ಪಶುವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಂಡು, ತರುವುದು ಮೇಲು.

ಯಾರಿಗೆ ಅಂಗಳವೂ ಇಲ್ಲ, ಒಳಗೆ ಜಾಗವೂ ಇಲ್ಲ, ನೋಡಿಕೊಳ್ಳಲು ಪುರುಸೊತ್ತೂ ಇಲ್ಲವೋ ಅವರಿಗೆ ಮೂರನೆಯ ಉತ್ತರವೊಂದಿದೆ: ತರಬೇಡಿ. ಮಗುವಿಗೆ ಇಲ್ಲ ಎನ್ನುವುದು ನಿಷ್ಠುರತೆಯಲ್ಲ. ಅದರ ಕೈಯಲ್ಲಿ ಅಂಗಳದ ಗುಬ್ಬಚ್ಚಿಗಳಿಗೆ ಒಂದು ಮಡಕೆ ನೀರು ಇಡಿಸಿರಿ. ಜೀವವಿರುವ ಪ್ರತಿಯೊಂದಕ್ಕೆ ಮಾಡುವ ಉಪಕಾರದಲ್ಲೂ ಪುಣ್ಯವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಈಗಾಗಲೇ ತಂದು ಸಾಕಲಾಗದವರು ಬೀದಿಗೆ ಬಿಡದೆ, ಚೆನ್ನಾಗಿ ಸಾಕುವವರನ್ನು ಹುಡುಕಿ ಒಪ್ಪಿಸಲಿ.

ತನ್ನ ಪ್ರಾಣಿಯನ್ನು ಉಪವಾಸ ಕೆಡವಿದವನನ್ನು ನ್ಯಾಯಾಧೀಶನು ಬಲವಂತಪಡಿಸಬಹುದೇ ಎಂದು ಕರ್ಮಶಾಸ್ತ್ರಜ್ಞರು ಚರ್ಚಿಸಿದ್ದಾರೆ. ಹೆಚ್ಚಿನವರು ಹೌದೆಂದಿದ್ದಾರೆ. ಹನಫಿಗಳ ಪ್ರಸಿದ್ಧ ಅಭಿಪ್ರಾಯವೆಂದರೆ, ನ್ಯಾಯಾಲಯ ಅವನನ್ನು ಬಲವಂತಪಡಿಸದು, ಆದರೆ ಅದು ಅಲ್ಲಾಹನ ಮುಂದೆ ಅವನ ಮೇಲಿರುವ ಕಡ್ಡಾಯ ಹೊಣೆ. ಇದು ರಿಯಾಯಿತಿಯಲ್ಲ, ಓದುಗರೇ. ಸಾಕ್ಷಿ ಹೇಳಲು ಬಾಯಿಲ್ಲದ, ದೂರು ಕೊಡಲು ಭಾಷೆಯಿಲ್ಲದ ಜೀವಿಯ ಮೊಕದ್ದಮೆಯನ್ನು ಎಲ್ಲವನ್ನೂ ಕಾಣುವವನೇ ನೇರವಾಗಿ ವಿಚಾರಿಸುತ್ತಾನೆ ಎಂದರ್ಥ. ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ಎದ್ದು ಹೋಗಿ ಗೂಡಿನ ನೀರಿನ ಬಟ್ಟಲು ನೋಡಿ ಬನ್ನಿರಿ.